ಕರೆಂಟು ಎಲ್ಲಿತನಕ ಬಂದದ?

ನಮ್ಮ ಕಡೆಯ ಜಾತ್ರೆ, ಉರುಸುಗಳಲ್ಲಿ ಮೈಕ್‌ಸೆಟ್ಟಿನವನ ಪಾಡು ದೇವರಿಗೇ ಪ್ರೀತಿ. ಅಫಜಲಪುರ ತಾಲ್ಲೂಕಿನ ಗಾಣಗಾಪುರದ ದತ್ತ ಜಯಂತಿಯಿರಲಿ, ಆಳಂದದ ಲಾಡ್ಲೆ ಮಶಾಕರ ಉರುಸಿರಲಿ, ಜೇವರ್ಗಿ ಸೀಮೆಯ ಯಾವುದೋ ಊರಿನ ಅಹೋರಾತ್ರಿ ಭಜನೆಯಿರಲಿ, ಹಾಡುವವರು ತನ್ಮಯರಾಗಿ ಮೈಕನ್ನು ಬಾಯಿಗೇ ಹಚ್ಚಿಕೊಂಡರೆಂದರೆ ಹಾರ್ನು 'ಘರ್ರ್' ಎಂದು ಒಡಕು ದನಿ ತೆಗೆಯುತ್ತದೆ. ಆತ ಓಡಿಬಂದು ಆಂಪ್ಲಿಫೈಯರಿನ ಗುಂಡಿಯನ್ನು ಹಿಂದಕ್ಕೆ ತಿರುಗಿಸುತ್ತಾನೆ. ಜೀವಮಾನವೆಲ್ಲ ಆತ ಹೋರಾಡುವುದು ಈ ಒಡಕಿನ ವಿರುದ್ಧ. ಇಂಥ ನೆಲದಲ್ಲಿ ಬೆಳೆದ ನನಗೆ, ಅದೇ ಒಡಕು ದನಿಯನ್ನು ದುಡ್ಡು ಕೊಟ್ಟು ಕೊಳ್ಳುವವರೂ ಇದ್ದಾರೆಂದು ತಿಳಿದಾಗ ನಗು ಬಂದಿತ್ತು.

ಅದನ್ನು ಕೊಡುವ ಯಂತ್ರದ ಹೆಸರು ಓವರ್‌ಡ್ರೈವ್ ಪೆಡಲ್. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ, ಕಾಲ ಬಳಿ ಇಡುವ ಅಂಗೈ ಅಗಲದ ಲೋಹದ ಡಬ್ಬಿ ಅದು. ಒಳಗಿನ ಐಸಿ ಗಿಟಾರಿನ ಸಣ್ಣ ಸಂಕೇತವನ್ನು ಹಿಗ್ಗಿಸುತ್ತದೆ. ಎದುರುಬದುರಾಗಿ ಕೂತ ಡಯೋಡುಗಳು ಆ ಅಲೆಯ ತಲೆಯನ್ನೂ ಬುಡವನ್ನೂ ಮೆಲ್ಲಗೆ ಸವರುತ್ತವೆ. ಹಾಗೆ ಸವರಿದ ಅಲೆಯೇ ನಮ್ಮ ಕಿವಿಗೆ ಕೊಂಚ ಗೊಗ್ಗರಾದ, ಬೆಚ್ಚಗಿನ ದನಿಯಾಗಿ ಕೇಳುತ್ತದೆ. ಇಂಥ ದನಿಯ ಚರಿತ್ರೆಯಲ್ಲೂ ಒಂದು ಕೆಟ್ಟುಹೋದ ಯಂತ್ರವಿದೆ. ಅಮೆರಿಕದ ಮಾರ್ಟಿ ರಾಬಿನ್ಸ್‌ನ 'ಡೋಂಟ್ ವರಿ' ಹಾಡಿನ ಧ್ವನಿಮುದ್ರಣದಲ್ಲಿ ಸ್ಟುಡಿಯೋದ ಉಪಕರಣ ಕೆಟ್ಟು, ಬೇಸ್ ಗಿಟಾರು ಗೊರಗೊರ ಎಂದಿತು. ಅದನ್ನು ಹಾಗೆಯೇ ಉಳಿಸಿಕೊಂಡರು. 1961ರಲ್ಲಿ ಹಾಡು ಜನಪ್ರಿಯವಾಯಿತು. ಮರುವರ್ಷವೇ ಆ ಬಗೆಯ ದನಿ ಕೊಡುವ 'ಫಜ್ ಟೋನ್' ಎಂಬ ಪೆಡಲ್ ಮಾರುಕಟ್ಟೆಗೆ ಬಂತು. ಅದಕ್ಕಿಂತ ಮೃದುವಾದ ಓವರ್‌ಡ್ರೈವ್ ಪೆಡಲ್‌ಗಳನ್ನು 1970ರ ದಶಕದ ಕೊನೆಗೆ ಜಪಾನಿನ ಕಂಪನಿಗಳು ಮನೆಮಾತು ಮಾಡಿದವು.

ಆಳಂದದಲ್ಲಿ ಭೌತಶಾಸ್ತ್ರದ ಪಾಠ ಹೇಳಿ ನಿವೃತ್ತನಾದ ನನಗೆ ರೇಡಿಯೋ ಬಿಚ್ಚುವ ಚಟ ಹಳೆಯದು. ಕಳೆದ ಮಳೆಗಾಲದಲ್ಲಿ ಪರಿಚಿತರೊಬ್ಬರ ಮಗ ಇಂಥದೊಂದು ಡಬ್ಬಿ ಹಿಡಿದು ಬಂದ. ಭೀಮಾ ದಂಡೆಯ ಹಳ್ಳಿಯವನು, ಪಿಯುಸಿ ಓದುತ್ತಿದ್ದಾನೆ. ಬೆನ್ನಹಿಂದೆಯೇ ತಂದೆ. "ಇದು ರಿಪೇರಿ ಆಗೂದಿಲ್ಲ ಅಂತ ನೀವೇ ಒಂದು ಮಾತು ಹೇಳಿಬಿಡ್ರಿ ಸರ್. ಗಿಟಾರು ಮಾರಿ ಟ್ಯೂಷನ್ ಫೀಸು ಕಟ್ತೀನಿ" ಎಂದರು. ಫಿಸಿಕ್ಸಿನ ಕಿರುಪರೀಕ್ಷೆಯಲ್ಲಿ ಹುಡುಗ ನಪಾಸಾಗಿದ್ದ. ತಂದೆಯದು ಕ್ರೌರ್ಯವಲ್ಲ, ಭಯ. ತೊಗರಿ ಬೆಳೆದ ದುಡ್ಡಿನಲ್ಲಿ ಓದಿಸುವವರ ಭಯ ನನಗೆ ಗೊತ್ತು. ಹುಡುಗ ಮಾತಾಡಲಿಲ್ಲ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ.

"ಏನಾಗ್ಯದ?" ಎಂದೆ. "ಐಸಿ ಸುಟ್ಟಿರಬೇಕು ಸರ್" ಎಂದ. ನೋಡದೆಯೇ ತೀರ್ಪು! ತಂದೆ ಥಟ್ಟನೆ ಗದರಿದರು: "ಸುಟ್ಟದ ಅಂತ ಹ್ಯಾಂಗ ಹೇಳ್ತಿ? ಮೊದಲು ಕರೆಂಟು ಎಲ್ಲಿತನಕ ಬಂದದ ನೋಡು!"

ನಾನು ಅವರ ಮುಖವನ್ನೇ ನೋಡಿದೆ. ಹೊಲದಲ್ಲಿ ಪಂಪ್‌ಸೆಟ್ಟು ನಿಂತರೆ ಅವರು ಮೋಟಾರಿನ ಮೇಲೆ ಗೂಬೆ ಕೂರಿಸುವುದಿಲ್ಲವಂತೆ. ಮೀಟರು, ಫ್ಯೂಸು, ಸ್ಟಾರ್ಟರು ಎಂದು ಒಂದೊಂದೇ ಮೆಟ್ಟಿಲು ಇಳಿದು ಹೋಗುತ್ತಾರೆ. ಮೋಟಾರು ತಿರುಗಿಯೂ ನೀರು ಬಾರದಿದ್ದರೆ ಬಾವಿಯೊಳಗಿನ ಫುಟ್‌ವಾಲ್ವಿನ ಕಡೆ ನೋಡುತ್ತಾರೆ. "ಹಾಗಾದರೆ ನೀವೇ ಕೇಳ್ತಾ ಹೋಗ್ರಿ, ಅವನು ಅಳೀಲಿ" ಎಂದು ಮಲ್ಟಿಮೀಟರನ್ನು ಹುಡುಗನ ಕೈಗಿಟ್ಟೆ. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ: ಇರಬೇಕಾದದ್ದು, ಇರುವುದು.

ಮೊದಲು ಪೆಡಲನ್ನು ಬದಿಗಿಟ್ಟು ಗಿಟಾರನ್ನು ನೇರವಾಗಿ ನನ್ನ ಹಳೆಯ ಆಂಪ್ಲಿಫೈಯರಿಗೆ ಜೋಡಿಸಿದೆವು. ದನಿ ಬಂತು. ಇನ್ನೊಂದು ಕೇಬಲ್ಲಿನಲ್ಲೂ ಬಂತು. ಅಂದರೆ ದೋಷ ಡಬ್ಬಿಯೊಳಗೇ. ಹೊಸ 9 ವೋಲ್ಟ್ ಬ್ಯಾಟರಿ ಹಾಕಿದರೆ ದೀಪವಿಲ್ಲ, ಬ್ಯಾಟರಿ ಬೆಚ್ಚಗಾಗತೊಡಗಿತು. ಕೂಡಲೇ ತೆಗೆಸಿದೆ. "ಎಲ್ಲೋ ಶಾರ್ಟ್ ಆಗ್ಯದ" ಎಂದರು ತಂದೆ. ಬ್ಯಾಟರಿಯಿಲ್ಲದೆ ಪ್ಲಸ್ಸಿಗೂ ಮೈನಸ್ಸಿಗೂ ನಡುವೆ ಅಳೆದಾಗ ಮೀಟರ್ ಎರಡೂ ದಿಕ್ಕಿನಲ್ಲಿ 'ಕುಂಯ್' ಎಂದಿತು.

ಕಾರಣ ಆಮೇಲೆ ಹೊರಬಿತ್ತು. ಬ್ಯಾಟರಿ ಉಳಿಸಲೆಂದು ಹುಡುಗ ಹಳೆಯ ಇಂಟರ್‌ನೆಟ್ ಮೋಡೆಮ್ಮಿನ 9 ವೋಲ್ಟ್ ಅಡಾಪ್ಟರು ಚುಚ್ಚಿದ್ದ. ವೋಲ್ಟೇಜು ಸರಿ, ಪಿನ್ನೂ ಸರಿ. ಆದರೆ ಆ ಅಡಾಪ್ಟರಿನ ನಡುಗಂಬಿ ಪ್ಲಸ್, ಪೆಡಲ್ ಕೇಳುವುದು ನಡುವೆ ಮೈನಸ್. ಎರಡರ ಮೇಲೂ ಕಡಲೆಕಾಳಿನಷ್ಟು ಚಿತ್ರವೊಂದು ಇದನ್ನು ಹೇಳುತ್ತಿರುತ್ತದೆ. ಹೀಗೆ ತಿರುಗುಮುರುಗಾದಾಗ ಐಸಿಯನ್ನು ಕಾಯಲೆಂದೇ ಬಾಗಿಲಲ್ಲಿ ಒಂದು ಡಯೋಡು ಇಟ್ಟಿರುತ್ತಾರೆ. ಬಡಪಾಯಿ, ಅದು ತಾನು ಸತ್ತು ಒಡೆಯನನ್ನು ಉಳಿಸಿತ್ತು. ಒಂದೆರಡು ರೂಪಾಯಿಯ 1ಎನ್ 4001 ಡಯೋಡು, ರೇಡಿಯೋ ಅಂಗಡಿಗಳಲ್ಲಿ ಸಿಗುವಂಥದು. ಪಟ್ಟಿಯಿರುವ ಬದಿ ಪ್ಲಸ್ಸಿಗೆ ಬರುವಂತೆ ಹುಡುಗನೇ ಬೆಸೆದ. ದೀಪ ಹತ್ತಿತು.

ದನಿ ಮಾತ್ರ ಬರಲಿಲ್ಲ. ಹುಡುಗನ ಮುಖ ಬಾಡಿತು. "ಹಂಗ್ಯಾಕ ಮಾಡ್ತಿ, ಫ್ಯೂಸು ಹಾಕಿದ ಕೂಡಲೇ ನೀರು ಬರ್ತದೇನು? ಮುಂದ ನೋಡು" ಎಂದರು ತಂದೆ. ಐಸಿಯ 8ನೇ ಕಾಲಿನಲ್ಲಿ 9 ವೋಲ್ಟ್, 4ನೇ ಕಾಲಿನಲ್ಲಿ ಸೊನ್ನೆ, ಔಟ್‌ಪುಟ್ ಕಾಲುಗಳಲ್ಲಿ ಅದರ ಅರ್ಧ, ಸುಮಾರು 4.5. ಎರಡು ಕಾಲಂಗಳೂ ತಾಳೆಯಾದವು, ಐಸಿ ಸುಟ್ಟಿರಲಿಲ್ಲ. ಆಂಪ್ಲಿಫೈಯರಿಗೆ ಹೋಗುವ ತಂತಿಯ ತುದಿಗೆ ಒಂದು 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಕಟ್ಟಿ, ತಂದೆಯ ಕೈಯಲ್ಲಿ ಗಿಟಾರಿನ ತಂತಿ ಮೀಟಿಸುತ್ತ, ದನಿ ಹೋಗುವ ದಾರಿಯನ್ನು ಮುಟ್ಟುತ್ತ ಹೋದೆವು. ದಾರಿಯ ನಡುವೆ ದನಿ ಇತ್ತು. ಅಂದರೆ ಹಿಂದಿನ ಅರ್ಧ ನಿರ್ದೋಷಿ. ವಾಲ್ಯೂಮ್ ಗುಂಡಿಯ ಬಳಿಯೂ ಇತ್ತು. ಹೊರಹೋಗುವ ಜಾಕಿನಲ್ಲಿ ಇರಲಿಲ್ಲ. ಭೂತಗನ್ನಡಿ ಹಿಡಿದರೆ ಜಾಕಿನ ಬೆಸುಗೆಯ ಸುತ್ತ ಕೂದಲೆಳೆಯಷ್ಟು ಬಿರುಕು. ಕಾವು ಕೊಟ್ಟು ಹೊಸ ಸೀಸ ಹಾಕಿದ ಕೂಡಲೇ ಡಬ್ಬಿ ಘರ್ಜಿಸಿತು. ತಂದೆ ಎರಡು ಹೆಜ್ಜೆ ಹಿಂದೆ ಸರಿದು, "ಇದೇನು, ಮತ್ತ ಕೆಟ್ಟಿತೇನು?" ಎಂದರು. ಹುಡುಗ ನಕ್ಕದ್ದು ಅಂದು ಅದೇ ಮೊದಲು.

ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆಯ ಮಾತು. ಬ್ಯಾಟರಿಯ ಡಬ್ಬಿಯನ್ನು ಧೈರ್ಯವಾಗಿ ಬಿಚ್ಚಿ ಕಲಿಯಿರಿ. ಗೋಡೆಯ ಕರೆಂಟಿನ ಆಂಪ್ಲಿಫೈಯರನ್ನು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪ್ಯಾಸಿಟರುಗಳಲ್ಲಿ ಅಪಾಯ ಉಳಿದಿರುತ್ತದೆ.

ತಂದೆತಾಯಿಗಳಿಗೂ ಒಂದು ಮಾತು. ಆ ಹುಡುಗನಿಗೆ ಓಮನ ನಿಯಮ ಬಾಯಿಪಾಠವಿತ್ತು. ಅದನ್ನು ಎಲ್ಲಿ ನಿಂತು ಕೇಳಬೇಕೆಂಬುದು ಗೊತ್ತಿರಲಿಲ್ಲ. ಅದು ಗೊತ್ತಿದ್ದದ್ದು ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ತಂದೆಗೆ. ನಿಮ್ಮ ಹೊಲದಲ್ಲಿ, ಹೊಲಿಗೆ ಯಂತ್ರದಲ್ಲಿ, ಗಿರಣಿಯಲ್ಲಿ ನೀವು ದಿನಾ ಬಳಸುವ ಇಂಥ ವಿದ್ಯೆಯನ್ನು ವಿದ್ಯೆ ಅಂತ ಯಾರೂ ನಿಮಗೆ ಹೇಳಿರುವುದಿಲ್ಲ. ಮಕ್ಕಳಿಗೂ ಹೇಳಿರುವುದಿಲ್ಲ.

ಗಿಟಾರು ಮಾರುವ ಮಾತು ಅಂದು ಬರಲಿಲ್ಲ. ಪರೀಕ್ಷೆ ಮುಗಿಯುವವರೆಗೆ ಐತ್ವಾರ ಮಾತ್ರ ಬಾರಿಸಬೇಕೆಂದು ಒಪ್ಪಂದವಾಯಿತು. ಹೊರಡುವಾಗ ತಂದೆ ಚಪ್ಪಲಿ ಮೆಟ್ಟುತ್ತ ಮಗನಿಗೆ ಹೇಳಿದರು: "ಆ ಎರಡು ಕಾಲಮ್ಮಿನ ಪಟ್ಟಿ ನನಗೊಂದು ಬರಕೊಡು. ನಮ್ಮ ಪಂಪಿಂದು."