ಇಟ್ಟಂಗಿ ಎತ್ತಿನ ನಡಿಗೆ

ಪ್ಲಾಸ್ಟಿಕ್ ಇಟ್ಟಂಗಿಯಲ್ಲಿ ಕಟ್ಟಿದ ಎತ್ತಿಗೆ ಮೊಣಕಾಲು ಇರುವುದಿಲ್ಲ. ಅದನ್ನು ನಡೆಸಲು ಕುಳಿತವರಿಗೆ ಎದುರಾಗುವ ಮೊದಲ ತೊಡಕು ಇದು. ಚಿಮ್ಮಡದ ನಮ್ಮ ಮನೆಯ ಪಡಸಾಲೆಯಲ್ಲಿ ಅಕ್ಕನ ಮಗ ಒಂದು ಜೋಡಿ ಎತ್ತು, ಒಂದು ಚಕ್ಕಡಿ, ಚಕ್ಕಡಿ ತುಂಬ ಹಸಿರು ತುಂಡುಗಳ ಕಬ್ಬು ಎಲ್ಲ ಜೋಡಿಸಿದ. ಚೂರುಚೂರೇ ಸರಿಸುತ್ತ ಮೊಬೈಲಿನಲ್ಲಿ ಒಂದೊಂದೇ ಫೋಟೋ ಹೊಡೆದು, ಸಾಲಾಗಿ ಓಡಿಸಿ ತೋರಿಸಿದ. ಚಕ್ಕಡಿ ಸಕ್ಕರೆ ಕಾರ್ಖಾನೆಯ ದಾರಿ ಹಿಡಿದಿತ್ತು. ಎತ್ತುಗಳು ಮಾತ್ರ ಕಾಲೆತ್ತದೆ ಜಾರಿಕೊಂಡು ಹೊರಟಿದ್ದವು. ಮುತ್ಯಾ ಕನ್ನಡಕ ಏರಿಸಿ ನೋಡಿ, “ಎತ್ತ ಹಿಂಗ ನಡೀತಾವೇನೋ ತಮ್ಮಾ? ಮೊದಲ ದನದ ಮನಿಗಿ ಹೋಗಿ ನೋಡ್ಕೊಂಡ ಬಾ” ಎಂದರು.

ಹುಡುಗ ಹೋದ. ಹುಟ್ಟಿದಾಗಿನಿಂದ ದನಗಳ ನಡುವೆಯೇ ಬೆಳೆದವನು ಅವು ಹೆಜ್ಜೆ ಇಡುವುದನ್ನು ಅಂದು ನೋಡಿದ. ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು: ಇದು ಎತ್ತು ನಿಧಾನವಾಗಿ ನಡೆಯುವಾಗಿನ ಸರದಿ. ಯಾವ ಗಳಿಗೆಯಲ್ಲೂ ಎರಡು ಕಾಲಾದರೂ ನೆಲ ಬಿಡುವುದಿಲ್ಲ. ಹೆಜ್ಜೆಯ ಜೊತೆಗೆ ತಲೆ ತೂಗುತ್ತದೆ, ಹೆಗಲು ಏರಿಳಿಯುತ್ತದೆ. ಬಂದವನೇ ಎತ್ತಿನ ಕುತ್ತಿಗೆ ಬಿಚ್ಚಿ ಮಡಚುವ ತುಂಡೊಂದನ್ನು ಸೇರಿಸಿದ. ಹೆಜ್ಜೆಗೊಮ್ಮೆ ತಲೆ ತಗ್ಗಿಸಿ, ಎತ್ತಿ ಮತ್ತೆ ಫೋಟೋ ಹೊಡೆದ. ಕಾಲು ಮಡಚದಿದ್ದರೂ ಎತ್ತು ನಡೆಯತೊಡಗಿತು. ಉಳಿದ ನಡಿಗೆಯನ್ನು ನೋಡುವವರ ಕಣ್ಣೇ ತುಂಬಿಕೊಂಡಿತು. ಈ ಆಟದ ಮೇಲೆ ನನಗಿರುವ ಪ್ರೀತಿಗೆ ಕಾರಣ ಇದು: ಒಂದು ಪ್ರಾಣಿಯನ್ನು ಕೈಯಾರೆ ನಡೆಸಲು ಹೊರಟ ಮಗು ಅದನ್ನು ಕಣ್ಣಾರೆ ನೋಡಲೇಬೇಕಾಗುತ್ತದೆ.

ಸ್ಟಾಪ್ ಮೋಷನ್ ಎಂಬ ಈ ವಿದ್ಯೆ ನಮ್ಮ ದೇಶಕ್ಕೆ ಬಂದದ್ದೂ ಒಂದು ಮನೆಯೊಳಗಿನಿಂದಲೇ. ‘ರಾಜಾ ಹರಿಶ್ಚಂದ್ರ’ 1913ರಲ್ಲಿ ತೆರೆಗೆ ಬರುವ ಮೊದಲು ದಾದಾಸಾಹೇಬ ಫಾಲ್ಕೆಯವರ ಕೈಯಲ್ಲಿ ಅದನ್ನು ತೆಗೆಯಲು ದುಡ್ಡಿರಲಿಲ್ಲ. ಅವರು ಕುಂಡದಲ್ಲಿ ಬಟಾಣಿ ಬಿತ್ತಿ, ಎದುರಿಗೆ ಕ್ಯಾಮೆರಾ ನಿಲ್ಲಿಸಿ, ಕಾಳು ಮೊಳೆತು ಬಳ್ಳಿಯಾಗುವವರೆಗೆ ದಿನದಿನವೂ ಚಿತ್ರ ಹಿಡಿದರು. ಎಷ್ಟೋ ದಿನಗಳ ಬೆಳವಣಿಗೆ ನಿಮಿಷದ ಲೆಕ್ಕದಲ್ಲಿ ಕಣ್ಣಮುಂದೆ ಚಿಗುರಿತು. ಅದನ್ನು ಕಂಡವರು ಸಾಲ ಕೊಡಲು ಒಪ್ಪಿದರು. ಕೆಲವು ವರ್ಷಗಳ ಮೇಲೆ ಅವರು ಬೆಂಕಿಕಡ್ಡಿಗಳನ್ನು ಹೀಗೇ ಸರಿಸಿ, ಕುಣಿಸಿ ಇನ್ನೊಂದು ಕಿರುಚಿತ್ರ ಮಾಡಿದರು. ಒಂದು ಕುಂಡ, ಒಂದು ಕಡ್ಡಿಪೆಟ್ಟಿಗೆ! ಭಾರತದ ಸಿನಿಮಾದ ಬುಡದಲ್ಲಿ ಇಂಥ ಮನೆಸಾಮಾನುಗಳಿವೆ ಎಂದು ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

ಇಟ್ಟಂಗಿಗಳು ಇದಕ್ಕೆ ಒಗ್ಗಿದ್ದು ಆಮೇಲೆ. ಡೆನ್ಮಾರ್ಕಿನ ಲೆಗೊ ಕಂಪನಿ ಇವತ್ತಿನ ಸ್ವರೂಪದ ಇಟ್ಟಂಗಿಗೆ ಪೇಟೆಂಟ್ ಕೇಳಿದ್ದು 1958ರಲ್ಲಿ. ಕೈಕಾಲು ಆಡಿಸುವ ಪುಟ್ಟ ಗೊಂಬೆಗಳು ಬಂದದ್ದು 1978ರಲ್ಲಿ. ಅದಕ್ಕೂ ಮೊದಲೇ, 1973ರಲ್ಲಿ, ಲಾರ್ಸ್ ಹಾಸಿಂಗ್ ಮತ್ತು ಹೆನ್ರಿಕ್ ಹಾಸಿಂಗ್ ಎಂಬ ಡೆನ್ಮಾರ್ಕಿನ ಇಬ್ಬರು ಹುಡುಗರು ಇಟ್ಟಂಗಿಗಳನ್ನು ಜೋಡಿಸಿ ಚಂದ್ರನಿಗೆ ಹೋಗಿಬರುವ ಸಿನಿಮಾ ತೆಗೆದಿದ್ದರು.

ಇಟ್ಟಂಗಿಯ ಗುಟ್ಟು ಅದರ ತಲೆಯ ಮೇಲಿನ ಗುಂಡಿಗಳಲ್ಲಿದೆ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 8 ಮಿಲಿಮೀಟರ್. ಅಳತೆಪಟ್ಟಿ ಇಲ್ಲದೆಯೂ ಹೆಜ್ಜೆ ಒಂದೇ ಸಮ ಬೀಳುತ್ತದೆ. ಗೊಂಬೆ ಒಂಟಿಕಾಲಲ್ಲೂ ಬೀಳದೆ ನಿಲ್ಲುತ್ತದೆ. ಜಾತ್ರೆಯ ಅಂಗಡಿಯ ಅಗ್ಗದ ಬ್ಲಾಕ್ಸ್ ಆದರೂ ನಡೆದೀತು. ಹಿಡಿತ ಕೊಂಚ ಸಡಿಲ, ಅಷ್ಟೇ.

ಲೆಕ್ಕ ಸುಲಭ, ಕೆಲಸ ದೀರ್ಘ. ಸೆಕೆಂಡಿಗೆ 12 ಫೋಟೋ ಎಂದು ಹಿಡಿದರೆ ಒಂದು ನಿಮಿಷದ ಸಿನಿಮಾಕ್ಕೆ 720. ಮೊಬೈಲನ್ನು ಅದೇ ಇಟ್ಟಂಗಿಗಳ ಗೂಡಿನಲ್ಲಿ ಬಿಗಿಯಾಗಿ ಕೂಡಿಸಬೇಕು. ಪರದೆ ಮುಟ್ಟಿದರೆ ಅಲುಗುತ್ತದೆ. ಬಹಳಷ್ಟು ಫೋನುಗಳಲ್ಲಿ ಇಯರ್‌ಫೋನ್ ತಂತಿಯ ಬಟನ್ ಒತ್ತಿಯೇ ಫೋಟೋ ಹೊಡೆಯಬಹುದು. ಕಿಟಕಿಯ ಬಿಸಿಲನ್ನು ನಂಬಬಾರದು: ಮೋಡ ಬಂದು ಹೋದಂತೆ ಸಿನಿಮಾ ಮಿಣಮಿಣ ಅನ್ನುತ್ತದೆ. ಕಿಟಕಿ ಮುಚ್ಚಿ, ಒಂದೇ ಎಲ್‌ಇಡಿ ಬಲ್ಬಿನ ಬೆಳಕಲ್ಲಿ, ಫೋನಿನ ಬೆಳಕು ಮತ್ತು ಫೋಕಸ್ ಎರಡನ್ನೂ ಲಾಕ್ ಮಾಡಿಕೊಂಡು ಹೊಡೆಯಬೇಕು. ಬನಹಟ್ಟಿ, ರಬಕವಿ ಕಡೆಯ ಪವರ್‌ಲೂಮ್ ಮನೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ಮಗ್ಗ ನಡೆಯುವಾಗ ನೆಲವೂ ಸಣ್ಣಗೆ ನಡುಗುತ್ತದೆ. ಮಗ್ಗ ನಿಂತ ಮೇಲೆಯೇ ಶೂಟಿಂಗ್.

ಅಕ್ಕನ ಮಗನಿಗೆ ಆಮೇಲೆ ಬಂದ ಕಷ್ಟ ಕಥೆಯದು. ಕಬ್ಬಿನ ಚಕ್ಕಡಿ ಕಾರ್ಖಾನೆ ಮುಟ್ಟಿದರೆ ಅಷ್ಟಕ್ಕೇ ಕಥೆಯಾಗುವುದಿಲ್ಲ. ಕಾರಹುಣ್ಣಿಮೆ ಆಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬಂತು. ನಮ್ಮ ಕಡೆ ಅಂದು ಎರಿಮಣ್ಣು ತಂದು, ಕಲಸಿ, ಎತ್ತು ಮತ್ತು ಅವಕ್ಕೊಂದು ಮೇವಿನ ಗ್ವಾದಲಿ ಮಾಡಿ ಪೂಜೆ ಮಾಡುತ್ತಾರೆ. ಮರುದಿನ ಹುಡುಗರು ಕುಂಟೆತ್ತು ಹಿಡಿದುಕೊಂಡು ಹಾಡು ಹೇಳುತ್ತ ಮನೆಮನೆಗೆ ಹೋಗಿ ಕಾಳು ಬೇಡುವ ಪದ್ಧತಿ ಉಂಟು. ಆ ಕುಂಟೆತ್ತೇ ಅವನಿಗೆ ಕಥೆ ಕೊಟ್ಟಿತು. ನಡುದಾರಿಯಲ್ಲಿ ಇಟ್ಟಂಗಿ ಎತ್ತಿನ ಕಾಲು ಕಳಚುತ್ತದೆ. ಗ್ವಾದಲಿಯಿಂದ ಮಣ್ಣೆತ್ತು ಎದ್ದು ಬಂದು ನೊಗಕ್ಕೆ ಹೆಗಲು ಕೊಡುತ್ತದೆ. ಮಣ್ಣಿನದು ಬೇರೆಯೇ ಸ್ವಭಾವ. ಒಣಗಿದರೆ ಬಿರಿಯುತ್ತದೆ, ಪ್ರತಿ ಫೋಟೋಕ್ಕೂ ಒದ್ದೆ ಬೆರಳಿಂದ ತೀಡಬೇಕು. ತೀಡಿದಾಗಲೆಲ್ಲ ಬೆರಳ ಗುರುತು ಬೇರೆ ಬೇರೆ ಕಡೆ ಮೂಡಿ, ಓಡಿಸಿ ನೋಡಿದಾಗ ಎತ್ತಿನ ಮೈ ತುಂಬ ಸಣ್ಣ ಅಲೆ ಎದ್ದಂತೆ ಕಾಣುತ್ತದೆ. ಜೀವಂತ ಎತ್ತು ನೊಣ ಕೂತಲ್ಲಿ ಚರ್ಮ ಅದುರಿಸುವುದನ್ನು ನೋಡಿದವರಿಗೆ ಅದು ಗೊತ್ತಾಗುತ್ತದೆ. ಅವನಿಗೆ ಗೊತ್ತಾಯಿತು. “ಮಾಮಾ, ಇದು ಉಸರಾಡಾಕತ್ತೈತಿ ನೋಡ್ರಿ!” ಎಂದು ಕೂಗಿ ಮನೆಮಂದಿಯನ್ನೆಲ್ಲ ಕರೆದ. ಗೆಜ್ಜೆಸರದ ಸಪ್ಪಳವನ್ನು ನಮ್ಮ ಎತ್ತಿನ ಕೊರಳಿಂದಲೇ ರೆಕಾರ್ಡ್ ಮಾಡಿಕೊಂಡ.

ಮೊಬೈಲ್ ಕೊಟ್ಟರೆ ಮಕ್ಕಳು ಕೆಡುತ್ತಾರೆ ಎನ್ನುವವರ ಆತಂಕ ನನಗೂ ಇದೆ. ಆದರೆ ಅದೇ ಮೊಬೈಲು ನಮ್ಮ ಹುಡುಗನನ್ನು ದನದ ಮನೆಗೂ ಹೊಲದ ಎರಿಮಣ್ಣಿಗೂ ಕಳಿಸಿದ್ದನ್ನು ನಾನು ಕಂಡಿದ್ದೇನೆ. ಈ ಆಟಕ್ಕೆ ದುಡ್ಡಿಗಿಂತ ಜಾಗ ಮುಖ್ಯ. ಜೋಡಿಸಿಟ್ಟದ್ದು ಒಂದು ಕೂದಲೆಳೆ ಸರಿದರೂ ಮುಂದಿನ ಫೋಟೋ ಹಿಂದಿನದಕ್ಕೆ ಕೂಡಿಕೊಳ್ಳುವುದಿಲ್ಲ. ಅದಕ್ಕೇ ತಾಯಂದಿರಲ್ಲಿ, ಅಜ್ಜಿಯರಲ್ಲಿ ನನ್ನದೊಂದು ಬೇಡಿಕೆ. ರಜೆಯಲ್ಲಿ ಪಡಸಾಲೆಯ ಒಂದು ಮೂಲೆಯನ್ನು ನಾಲ್ಕು ದಿನ ಕಸ ಹೊಡೆಯದೆ ಮಕ್ಕಳಿಗೆ ಬಿಟ್ಟುಕೊಡಿ.