ಜೇಬಿರುವ ಹೆಗ್ಗಣ

ಸಾಗರದ ಕಡೆ ಅಡಿಕೆ ತೋಟದಲ್ಲಿ ನಲವತ್ತು ವರ್ಷ ಹೆಗ್ಗಣ, ಮುಳ್ಳುಹಂದಿ, ಮಂಗ ಎಲ್ಲದರ ಜೊತೆ ಏಗಿದವನು ನಾನು. ಹಾಗಾಗಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಮಗನ ಮನೆಯ ಹಿತ್ತಲ ಹುಲ್ಲಿನ ಮೇಲೆ ಒಂದು ಬೆಳಿಗ್ಗೆ ಮಣ್ಣಿನ ಗುಡ್ಡೆ ಎದ್ದದ್ದು ಕಂಡು, "ಇಷ್ಟೇನಾ, ಎರಡು ದಿನದ ಕೆಲಸ" ಎಂದುಬಿಟ್ಟೆ. ಅಲ್ಲಿದ್ದ ಆರು ತಿಂಗಳು ಮುಗಿದರೂ ಆ ಎರಡು ದಿನ ಮುಗಿಯಲಿಲ್ಲ.

"ಇದು ಗೋಫರ್, ಅಪ್ಪಾ" ಎಂದ ಮಗ. ಗುಡ್ಡೆ ಅರ್ಧಚಂದ್ರಾಕಾರ, ಬಿಲದ ಬಾಯಿ ಒಂದು ಪಕ್ಕಕ್ಕೆ, ಅದಕ್ಕೂ ಮಣ್ಣಿನ ಬಿರಡೆ. ನಮ್ಮ ಹೆಗ್ಗಣವಾದರೆ ರಾತ್ರಿ ಅಡುಗೆಮನೆಗಾದರೂ ಬಂದು ಮುಖ ತೋರಿಸುತ್ತದೆ. ಇದಕ್ಕೆ ಜೀವನವಿಡೀ ಅಜ್ಞಾತವಾಸ.

ಅದರ ಕೈಚಳಕ ಕಂಡದ್ದು ಬದನೆ ಗಿಡದಲ್ಲಿ. ಕಾಫಿ ಲೋಟ ಹಿಡಿದು ಕೂತಿದ್ದೆ. ಗಾಳಿಯಿರಲಿಲ್ಲ, ಗಿಡ ಮಾತ್ರ ನಡುಗಿತು. ಮತ್ತೊಮ್ಮೆ ನಡುಗಿ ನಾಲ್ಕು ಬೆರಳು ಕುಸಿಯಿತು. ನೋಡನೋಡುತ್ತ ಎಲೆಗಳೆಲ್ಲ ಮೇಲಕ್ಕೆ ಮಡಚಿಕೊಂಡು, ಮುಚ್ಚಿದ ಕೊಡೆಯ ಹಾಗೆ ಗಿಡವೇ ನೆಲದೊಳಗೆ ಇಳಿದುಹೋಯಿತು. "ಏ ಇವಳೇ, ಬಾರೇ ಇಲ್ಲಿ" ಎಂದು ಕೂಗಿ ಅವಳು ಬರುವಷ್ಟರಲ್ಲಿ ಉಳಿದದ್ದು ಒಂದು ಎಲೆ. "ಕೂತಲ್ಲೇ ತೂಕಡಿಸಿದಿರಾ?" ಎಂದಳು.

ಆಮೇಲೆ ಕಂಡವರೆಲ್ಲ ಪಂಡಿತರು. ಪಕ್ಕದ ಮನೆಯವರು ಬಿಲಕ್ಕೆ ಚ್ಯೂಯಿಂಗ್ ಗಮ್ ಹಾಕಿ ಎಂದರು. ಮಗ ನೆಲಕ್ಕೆ ಚುಚ್ಚುವ, ಗುಂಯ್‌ಗುಡುವ ಯಂತ್ರ ತರಿಸಿದ. ಇಂಥವುಗಳಿಂದ ಪ್ರಯೋಜನ ಕಂಡಿಲ್ಲವೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಬರೆದಿದ್ದಾರೆ. ಯಂತ್ರದ ಬುಡದಲ್ಲೇ ಹೊಸ ಗುಡ್ಡೆ ಎಬ್ಬಿಸಿ ಗೋಫರ್ ಅದಕ್ಕೆ ರುಜು ಹಾಕಿತು.

ಕೊನೆಗೆ ಬಂತು ಮೆಕೆಬಿ ಬೋನು, ತಂತಿಯ ಇಕ್ಕಳದಂಥದ್ದು. ಹತ್ತಿರದ ಲಾಸ್ ಗ್ಯಾಟೋಸ್ ಊರಿನ ಕ್ಷೌರಿಕರೊಬ್ಬರು 1900ರಲ್ಲಿ ಅದಕ್ಕೆ ಪೇಟೆಂಟ್ ಪಡೆದರಂತೆ. ಸ್ಪ್ಯಾನಿಷ್‌ನಲ್ಲಿ ಆ ಊರ ಹೆಸರಿನ ಅರ್ಥ 'ಬೆಕ್ಕುಗಳು'! ಬೋನನ್ನು ಗುಡ್ಡೆಯಲ್ಲಿಟ್ಟರೆ ದಕ್ಕದು. ಬಿರಡೆಯಿರುವ ಪಕ್ಕದಲ್ಲಿ ಒಂದಡಿ ಆಚೆ ಕಬ್ಬಿಣದ ಸರಳು ಚುಚ್ಚುತ್ತ ಹೋಗಬೇಕು. ಹಲಸಿನ ಹಣ್ಣಿಗೆ ಕತ್ತಿಯ ಮೊನೆ ಇಳಿದಂತೆ ಸರಳು ತಟಕ್ಕನೆ ಎರಡು ಅಂಗುಲ ಜಾರಿದರೆ ಅಲ್ಲೇ ಹೆದ್ದಾರಿ. ಅಗೆದು, ಆ ಕಡೆಗೊಂದು ಈ ಕಡೆಗೊಂದು ಬೋನು ಇಡಬೇಕು. ಸವಾರಿ ಯಾವ ದಿಕ್ಕಿನಿಂದ ಬರುತ್ತದೋ.

ಮೂರನೇ ದಿನ ಸಿಕ್ಕಿತು. ಗೇಣುದ್ದದ ಕಂದು ಮೈ. ತುಟಿ ಮುಂದಿನ ಹಲ್ಲುಗಳ ಹಿಂದೆ ಮುಚ್ಚಿಕೊಳ್ಳುವುದರಿಂದ ಹಲ್ಲಿನಲ್ಲೇ ಅಗೆದರೂ ಬಾಯಿಗೆ ಮಣ್ಣು ಬೀಳದು. ಎರಡೂ ಕೆನ್ನೆಗೆ ಹೊರಗಿನಿಂದ ತೆರೆದ, ಒಳಗೆಲ್ಲ ರೋಮವಿದ್ದ ಜೇಬು. ಒಂದರಲ್ಲಿ ನಮ್ಮ ಮೆಂತ್ಯದ ದಂಟುಗಳು, ಒತ್ತೊತ್ತಾಗಿ. ಇವಳು ಸೂಟ್‌ಕೇಸಿನಲ್ಲಿ ಚಟ್ನಿಪುಡಿ ತುಂಬಿದ್ದೂ ಹೀಗೆಯೇ, ಒಂದು ಬೆರಳಿಗೂ ಜಾಗ ಬಿಡದೆ. ನಾನು ಯಾರಿಗೂ ಫೋಟೋ ಕಳಿಸಲಿಲ್ಲ.

ವಾರದೊಳಗೆ ಮತ್ತೆ ಗುಡ್ಡೆ. ಗೋಫರ್ ಒಂಟಿಜೀವಿ, ತನ್ನ ಸುರಂಗಕ್ಕೆ ಇನ್ನೊಂದನ್ನು ಸೇರಿಸದು. ಆದರೆ ಅದು ಸತ್ತರೆ ನೆರೆಯದು ಬಂದು ಬಿಡಾರ ಹೂಡುತ್ತದೆ. ಸ್ಯಾನ್ ಹೋಸೆಯಲ್ಲಿ ಮನೆ ಖಾಲಿ ಉಳಿಯುವುದುಂಟೇ!

ಆಗ ಯುದ್ಧ ಬಿಟ್ಟು ಬೇಲಿಗೆ ಬಂದೆ. ತಂತಿ ಜಾಲರಿಯನ್ನು ಬುಟ್ಟಿಯಾಗಿ ಮಡಚಿ, ಅದರೊಳಗೆ ಬೇರು ಕೂರಿಸಿ ಕರಿಬೇವಿನ ಗಿಡ ನೆಟ್ಟೆ. ಅದೇ ಸಂಜೆ ಮಗ ಹೇಳಿದ: 1980ರಲ್ಲಿ ವಾಷಿಂಗ್ಟನ್ ರಾಜ್ಯದ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಸಿಡಿದು ಸುತ್ತಲ ನೆಲ ಬೂದಿಯಡಿ ಹೂತುಹೋದಾಗ, ಬಿಲದೊಳಗಿದ್ದ ಗೋಫರ್‌ಗಳಲ್ಲಿ ಕೆಲವು ಬದುಕಿ ಉಳಿದವಂತೆ. ಅವು ಅಡಿಯ ಹಳೇ ಮಣ್ಣನ್ನು ಮೇಲೆ ತಂದು ಹಾಕಿದಲ್ಲಿ ಹಸಿರು ಮತ್ತೆ ಚಿಗುರಿತಂತೆ. ನಮ್ಮ ಹುಲ್ಲಿನ ಮೇಲಿನ ಗುಡ್ಡೆಯನ್ನು ಮುಷ್ಟಿಯಲ್ಲಿ ಹಿಡಿದು ನೋಡಿದೆ. ಜರಡಿ ಹಿಡಿದಂಥ ಮಣ್ಣು. ತೋಟದಲ್ಲಿ ಆಳಿಗೆ ಕೂಲಿ ಕೊಟ್ಟರೂ ಇಷ್ಟು ನುಣ್ಣಗೆ ಬಾರದು.

ಊರಿಗೆ ಮರಳಿದ ಮೇಲೆ ಮೊನ್ನೆ ಮಗನ ಫೋನು. "ಕರಿಬೇವು ಚೆನ್ನಾಗಿದೆ ಅಪ್ಪಾ. ಆದರೆ ಮೆಂತ್ಯದ ಮಡಿಯಲ್ಲಿ ಮತ್ತೆ ಗುಡ್ಡೆ. ಏನು ಮಾಡಲಿ?"

"ಒಂದು ಹಿಡಿ ಜಾಸ್ತಿ ಬಿತ್ತು" ಎಂದೆ.