ಟೇ ದಂಡೆಯ ಪಿಟೀಲುಗಾರ

ಟೇ ನದಿಯ ದಕ್ಷಿಣ ದಂಡೆಯಲ್ಲಿ ಒಂದು ಓಕ್ ಮರಕ್ಕೆ ಪಿಟೀಲುಗಾರನ ಹೆಸರಿದೆ. ನೀಲ್ ಗೌ ಓಕ್ ಎಂದರೆ ಆ ಸೀಮೆಯಲ್ಲಿ ಯಾರಾದರೂ ದಾರಿ ತೋರಿಸುತ್ತಾರೆ. ಹದಿನೆಂಟನೆಯ ಶತಮಾನದಲ್ಲಿ ಅವನು ಇದರ ಬುಡದಲ್ಲಿ ಕುಳಿತು ಧಾಟಿ ಕಟ್ಟುತ್ತಿದ್ದನಂತೆ. ಅವನ ಆಶ್ರಯದಾತನಾದ ಅಥಾಲ್ ಡ್ಯೂಕ್ ಆಚೆ ದಡದಲ್ಲಿ ಕುಳಿತು ಕೇಳುತ್ತಿದ್ದನೆಂದೂ ಊರಿನ ಮಾತು. ನದಿ ಇಲ್ಲಿ ಅಗಲ, ಸ್ಕಾಟ್ಲೆಂಡಿನ ಅತಿ ಉದ್ದದ ನದಿಗೆ ತಕ್ಕ ಗಾಂಭೀರ್ಯ. ಅಷ್ಟು ನೀರನ್ನು ದಾಟಿ ಒಂದು ಪಿಟೀಲಿನ ನಾದ ಹೋಗಿತ್ತೇ ಎಂದು ಕೇಳುವ ಮನಸ್ಸೇ ನನಗಾಗಲಿಲ್ಲ. ಹೋಗಿರಲೇಬೇಕು ಎನ್ನಿಸುವಂಥ ಜಾಗ ಅದು.

ಎಡಿನ್‌ಬರೊದಿಂದ ಇನ್ವರ್ನೆಸ್ ಕಡೆಗೆ ಹೋಗುವ ರೈಲು ಪರ್ತ್ ದಾಟಿದ ಮೇಲೆ ಬಯಲು ಕಿರಿದಾಗಿ ಗುಡ್ಡಗಳು ಹತ್ತಿರ ಸರಿಯುತ್ತವೆ. ಡಂಕೆಲ್ಡ್ ಮತ್ತು ಬರ್ನಮ್ ಎಂಬ ಜೋಡಿ ಹೆಸರಿನ ಪುಟ್ಟ ನಿಲ್ದಾಣದಲ್ಲಿ ಇಳಿದು ನದಿಯ ಜಾಡು ಹಿಡಿದರೆ ಮೊದಲು ಸಿಗುವುದು ಊರುಗೋಲುಗಳ ಮೇಲೆ ಕೊಂಬೆ ಚಾಚಿ ನಿಂತ ಬರ್ನಮ್ ಓಕ್. 'ಮ್ಯಾಕ್‌ಬೆತ್' ನಾಟಕದ ಬರ್ನಮ್ ಕಾಡಿನ ಕುರುಹು ಎಂದು ಜನ ಅದನ್ನು ನೋಡಲು ಬರುತ್ತಾರೆ. ನನಗೆ ಇನ್ನೊಂದು ಓಕ್ ಮರದ ತವಕ. ಥಾಮಸ್ ಟೆಲ್ಫರ್ಡ್ ಕಟ್ಟಿದ, 1809ರಲ್ಲಿ ತೆರೆದ ಕಲ್ಲಿನ ಸೇತುವೆಯ ಕೆಳಗೆ ಹಾದು, ಬ್ರಾನ್ ಹೊಳೆ ಬಂದು ಟೇ ನದಿಗೆ ಸೇರುವಲ್ಲಿ ಇನ್ವರ್ ಎಂಬ ಹಳ್ಳಿ. ನೀಲ್ ಗೌ ತನ್ನ ಬಾಳನ್ನೆಲ್ಲ ಕಳೆದದ್ದು ಇಲ್ಲಿ. ಅವನು ಬಾಳಿದ ಮನೆ ಈಗಲೂ ನಿಂತಿದೆ.

1727ರಲ್ಲಿ ಹುಟ್ಟಿದವನು. ಕಲಿತ ಕಸುಬು ಚೌಕಳಿ ಉಣ್ಣೆ ಬಟ್ಟೆಯ ನೇಯ್ಗೆ. ಹದಿನೆಂಟರ ವಯಸ್ಸಿಗೆ, 1745ರಲ್ಲಿ, ಒಂದು ಪಿಟೀಲು ಸ್ಪರ್ಧೆಯಲ್ಲಿ ಗೆದ್ದ. ತೀರ್ಪುಗಾರ ಜಾನ್ ಮೆಕ್ರಾ ಎಂಬ ಅಂಧ ವಾದಕ. ನೂರು ಜನ ನುಡಿಸುತ್ತಿದ್ದರೂ ನೀಲ್‌ನ ಕಮಾನಿನ ಎಳೆತವನ್ನು ಗುರುತಿಸಬಲ್ಲೆ ಎಂದು ಆತ ಹೇಳಿದನೆಂಬುದು ಇಂದಿಗೂ ಅಲ್ಲಿ ಹೇಳುವ ಕಥೆ. ಕಣ್ಣಿಲ್ಲದವನು ಕೊಟ್ಟ ಪ್ರಶಸ್ತಿಯಾದ್ದರಿಂದಲೇ ನನಗೆ ಅದರ ಮೇಲೆ ನಂಬಿಕೆ. ಆ ಎಳೆತದ ಗುಟ್ಟು ಕಮಾನನ್ನು ಮೇಲಕ್ಕೆ ತಳ್ಳುವಾಗಿನ ಬಲದಲ್ಲಿತ್ತು. ಸಾಮಾನ್ಯ ವಾದಕರಿಗೆ ಕಮಾನು ಕೆಳಗಿಳಿಯುವಾಗ ಬಲ, ಮೇಲೇರುವಾಗ ಸಡಿಲ. ಅವನು ಏರಿಕೆಯಲ್ಲೂ ಅದೇ ಕಸುವು ಹಾಕುತ್ತಿದ್ದ. ಸ್ಟ್ರಾತ್‌ಸ್ಪೇ ಎಂಬ ಸ್ಕಾಟಿಷ್ ನೃತ್ಯಲಯಕ್ಕೆ ಬೇಕಾದದ್ದೇ ಅದು. ಅಲ್ಲಿ ಮತ್ತೆ ಮತ್ತೆ ಗಿಡ್ಡ ಸ್ವರವೊಂದು ಮೊದಲು ಚಿಮ್ಮಿ, ಅದಕ್ಕೆ ತಗುಲಿಕೊಂಡೇ ನೀಳ ಸ್ವರ ಬರುತ್ತದೆ. ಕೇಳುವವನ ಹಿಮ್ಮಡಿ ತಾನಾಗಿ ನೆಲ ಬಿಡುತ್ತದೆ.

ಅವನು ಗೆದ್ದ ವರ್ಷ ಸ್ಕಾಟ್ಲೆಂಡಿಗೆ ಸುಖದ ವರ್ಷವಲ್ಲ. ಸ್ಟುವರ್ಟ್ ವಂಶದ ರಾಜಕುಮಾರ ಚಾರ್ಲ್ಸ್ ಸಿಂಹಾಸನಕ್ಕಾಗಿ ದಂಗೆಯೆದ್ದು ಬಂದದ್ದು ಆಗಲೇ. ಮರುವರ್ಷ ಕಲೋಡನ್ ಬಯಲಿನಲ್ಲಿ ಆ ದಂಗೆ ನುಚ್ಚುನೂರಾಯಿತು. ಬೆನ್ನಿಗೇ ಬಂದ ಕಾಯಿದೆಯೊಂದು ಗುಡ್ಡಗಾಡು ಸೀಮೆಯಾದ ಹೈಲೆಂಡಿನ ಗಂಡಸರು ಚೌಕಳಿ ಉಡುಪು ತೊಡುವುದನ್ನು ಅಪರಾಧವನ್ನಾಗಿ ಮಾಡಿತು. ಅದು ರದ್ದಾದದ್ದು 1782ರಲ್ಲಿ. ಎಡಿನ್‌ಬರೊದ ಕ್ವೀನ್ ಸ್ಟ್ರೀಟಿನ ರಾಷ್ಟ್ರೀಯ ಭಾವಚಿತ್ರ ಗ್ಯಾಲರಿಯಲ್ಲಿ ಹೆನ್ರಿ ರೇಬರ್ನ್ ಬರೆದ ನೀಲ್ ಗೌ ಚಿತ್ರವನ್ನು ನೋಡುವವರು ಈ ಸಂಗತಿಯನ್ನು ತಲೆಯಲ್ಲಿಟ್ಟುಕೊಳ್ಳಬೇಕು. ನಿಷೇಧ ತೆಗೆದ ಮೇಲಿನ ಚಿತ್ರ ಅದು. ವಯಸ್ಸಾದ ನೀಲ್ ಕುರ್ಚಿಯ ಮೇಲೆ ಕುಳಿತಿದ್ದಾನೆ, ಕೊರಳಿಗೆ ಪಿಟೀಲು. ಮೊಣಕಾಲಿನವರೆಗಿನ ಚಲ್ಲಣ ಚೌಕಳಿಯದು. ನೇಕಾರಿಕೆ ಕಲಿತವನು, ತನ್ನ ಹರೆಯವಿಡೀ ನಿಷಿದ್ಧವಾಗಿದ್ದ ಬಟ್ಟೆಯನ್ನು ತೊಟ್ಟು ದೇಶದ ಶ್ರೇಷ್ಠ ಚಿತ್ರಕಾರನ ಮುಂದೆ ಕುಳಿತಿದ್ದಾನೆ. ಪಕ್ಕದ ಗೋಡೆಗಳ ಮೇಲಿನ ದೊರೆಗಳಲ್ಲಿ ಕಾಣದ ನಿರಾಳ ಆ ಮುಖದಲ್ಲಿ ಕಂಡಿತು.

ಅವನು ಆತ್ಮಕಥೆ ಬರೆಯಲಿಲ್ಲ. ಆದರೆ ಅವನ ಧಾಟಿಗಳ ಹೆಸರುಗಳನ್ನು ಸಾಲಾಗಿ ಓದಿದರೆ ಬದುಕು ತಾನೇ ಬಿಚ್ಚಿಕೊಳ್ಳುತ್ತದೆ. ಹಾಡಲು ಸಾಹಿತ್ಯವಿಲ್ಲದ ಬರಿಯ ವಾದ್ಯಸಂಗೀತ ಅದು. ಹೇಳಬೇಕಾದುದನ್ನು ಹೆಸರೇ ಹೇಳಬೇಕು. 1799ರಲ್ಲಿ ಬಾರ್ಲಿ ಬೆಳೆ ಕೈಕೊಟ್ಟು, ಇದ್ದ ಧಾನ್ಯ ಊಟಕ್ಕಿರಲಿ ಎಂದು ಸರ್ಕಾರ ವಿಸ್ಕಿ ಇಳಿಸುವುದನ್ನು ತಡೆದಾಗ ಅವನು ಕಟ್ಟಿದ್ದು 'ವಿಸ್ಕಿಗೆ ವಿದಾಯ', ನಿಧಾನದ ನಡೆ. ತಡೆ ತೆರವಾದ ಮೇಲೆ 'ವಿಸ್ಕಿಗೆ ಮರಳಿ ಸ್ವಾಗತ', ಕುಣಿತದ ನಡೆ. ಅಣ್ಣತಮ್ಮಂದಿರಲ್ಲಿ ಡೊನಾಲ್ಡ್ ತೀರಿಕೊಂಡಾಗ ಒಂದು ಶೋಕಗೀತ. ಆಶ್ರಯ ಕೊಟ್ಟ ಮನೆತನಗಳ ಗಂಡಸರು ಹೆಂಗಸರ ಹೆಸರಿನಲ್ಲಿ ಇನ್ನೆಷ್ಟೋ. ಅವನ ಹೆಸರಿನಲ್ಲಿ ಅಚ್ಚಾದ ಕೆಲವು ಧಾಟಿಗಳು ಹಳೆಯವು, ಬೇರೆಯವರವು ಎಂದು ವಿದ್ವಾಂಸರು ತೋರಿಸಿದ್ದಾರೆ. ಕಿವಿಯಿಂದ ಕಿವಿಗೆ ದಾಟುತ್ತಿದ್ದ ಸಂಗೀತ ಆಗಷ್ಟೇ ಅಚ್ಚಿಗೆ ಹೋಗುತ್ತಿತ್ತು. ಆ ಕಾಲದಲ್ಲಿ ಹೀಗಾಗದಿದ್ದರೇ ಆಶ್ಚರ್ಯ.

ಎಲ್ಲಕ್ಕಿಂತ ಮೇಲಿನದು 'ಎರಡನೆಯ ಹೆಂಡತಿಯ ಸಾವಿಗೆ ನೀಲ್ ಗೌ ಶೋಕಗೀತ'. ಮಾರ್ಗರೆಟ್ ಅರ್ಕ್‌ಹರ್ಟ್‌ಳನ್ನು ಅವನು ಮದುವೆಯಾದದ್ದು 1768ರಲ್ಲಿ. ಅವಳು ತೀರಿಕೊಂಡಾಗ ಅವನು ಎಂಬತ್ತರ ಹತ್ತಿರ ಬಂದಿದ್ದ. ಅವಳ ನಂತರ ಅವನೂ ಬಹುಕಾಲ ಬದುಕಲಿಲ್ಲ, 1807ರಲ್ಲಿ ಹೋದ. ಈ ಧಾಟಿಯನ್ನು ಮೊದಲು ಕೇಳುವ ನಮ್ಮ ಕಿವಿ ತಬ್ಬಿಬ್ಬಾಗುತ್ತದೆ. ಶೋಕವೆಂದರೆ ನಾವು ಮುಖಾರಿಗೋ ಶುಭಪಂತುವರಾಳಿಗೋ ಕಾಯುತ್ತೇವೆ. ಇಲ್ಲಿರುವುದು ಡಿ ಮೇಜರ್, ಅಂದರೆ ನಮ್ಮ ಶಂಕರಾಭರಣದ ಸ್ವರಗಳು. ಕೋಮಲ ಸ್ವರದ ಆಸರೆಯೇ ಇಲ್ಲದೆ ದುಃಖ ಹುಟ್ಟುತ್ತದೆ. ಎರಡೇ ಭಾಗಗಳ ಪುಟ್ಟ ರಚನೆ. ಮೊದಲನೆಯದು ತೂಗುತ್ತ ನಡೆಯುತ್ತದೆ. ಎರಡನೆಯದು ತಾರಸ್ಥಾಯಿಗೆ ಏರಿ, ಅಲ್ಲಿ ಒಂದಿಷ್ಟು ನಿಂತು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಗೋಳಾಟದ ಒಂದು ಸ್ವರವೂ ಇಲ್ಲ. ಕೂಡಿ ಬಾಳಿದ ಸುಖವನ್ನೇ ನೆನೆದು ನುಡಿಸಿದ್ದಾನೆ ಎಂದು ನನಗೆ ಅನ್ನಿಸಿತು. ದಂಪತಿಯ ಪ್ರೀತಿಯನ್ನು ಕುರಿತು ನಾನು ಕೇಳಿದ ಸಂಗೀತದಲ್ಲಿ ಇದಕ್ಕೆ ಸಾಟಿ ಕಂಡಿಲ್ಲ.

ಕವಿ ರಾಬರ್ಟ್ ಬರ್ನ್ಸ್ ಈ ಮುದುಕನನ್ನು ಹುಡುಕಿಕೊಂಡು ಬಂದದ್ದು 1787ರ ಹೈಲೆಂಡ್ ಪ್ರವಾಸದಲ್ಲಿ. ಬರ್ನ್ಸ್ ಹಾಡು ಬರೆಯುತ್ತಿದ್ದ ಕ್ರಮವೇ ಬೇರೆ: ಮೊದಲು ಧಾಟಿ ಮೈಗೂಡಬೇಕು, ಆಮೇಲೆ ಮಾತು. ಜೇಮ್ಸ್ ಜಾನ್ಸನ್ ಹೊರತಂದ 'ಸ್ಕಾಟ್ಸ್ ಮ್ಯೂಸಿಕಲ್ ಮ್ಯೂಸಿಯಂ' ಎಂಬ ಆರು ಸಂಪುಟಗಳ ಗೀತಸಂಗ್ರಹಕ್ಕೆ ಅವನು ಕೂಲಿ ಪಡೆಯದೆ ದುಡಿದ. ಲೋಕವೆಲ್ಲ ಬಲ್ಲ 'ಕೆಂಪು ಕೆಂಪು ಗುಲಾಬಿ' ಹಾಡು ಆ ಸಂಗ್ರಹದಲ್ಲಿ ಅಚ್ಚಾದದ್ದು ನೀಲ್ ಗೌನ 'ಮೇಜರ್ ಗ್ರಹಾಂ' ಧಾಟಿಗೆ. ಈಗ ಹಾಡುವ ಧಾಟಿ ನಂತರದವರು ಜೋಡಿಸಿದ್ದು. ಬರ್ನ್ಸ್ ಮಾತ್ರ ಮೂವತ್ತೇಳಕ್ಕೆ ತೀರಿಕೊಂಡ, ತನಗಿಂತ ಮೂವತ್ತು ವರ್ಷಕ್ಕೂ ಹಿರಿಯನಾದ ನೀಲ್‌ಗಿಂತ ಎಷ್ಟೋ ಮೊದಲು.

ನೀಲ್‌ನ ಮಗ ನಥಾನಿಯಲ್ ಎಡಿನ್‌ಬರೊ ಸೇರಿ ವಾದಕನೂ ಸಂಗೀತ ಪ್ರಕಾಶಕನೂ ಆದ. ಅವನ 'ಕ್ಯಾಲರ್ ಹೆರಿಂಗ್' ಎಂಬ ಧಾಟಿಯಲ್ಲಿ, ಬುಟ್ಟಿ ಹೊತ್ತು ತಾಜಾ ಮೀನು ಮಾರುವ ಹೆಂಗಸರ ಕೂಗೂ ಚರ್ಚಿನ ಗಂಟೆಗಳೂ ಹೆಣೆದುಕೊಂಡಿವೆ ಎನ್ನುತ್ತಾರೆ. ಅದಕ್ಕೆ ಮುಂದೆ ಮಾತು ಕೊಟ್ಟವಳು ಲೇಡಿ ನೈರ್ನ್. 1766ರಲ್ಲಿ ಇದೇ ಪರ್ತ್ ಸೀಮೆಯ ಗ್ಯಾಸ್ಕ್‌ನಲ್ಲಿ ಹುಟ್ಟಿದ ಕ್ಯಾರೊಲಿನಾ ಒಲಿಫಂಟ್. ಸೋತ ರಾಜಕುಮಾರನ ಪಕ್ಷದ ಮನೆತನವಾದ್ದರಿಂದ ಚಾರ್ಲ್ಸ್ ಎಂಬ ಅವನ ಹೆಸರಿನ ಹೆಣ್ಣುರೂಪವನ್ನೇ ಮಗಳಿಗೆ ಇಟ್ಟಿದ್ದರು. ಕುಲೀನ ಹೆಂಗಸು ಹಾಡು ಬರೆಯುವುದು ತಕ್ಕದ್ದಲ್ಲ ಎಂಬ ಕಾಲ. 'ಮಿಸೆಸ್ ಬೋಗನ್ ಆಫ್ ಬೋಗನ್' ಎಂಬ ಕಲ್ಪಿತ ಹೆಸರಿನಲ್ಲಿ, ಹಳ್ಳಿಯ ಹಳೆಗಾಲದ ಮುದುಕಿಯ ವೇಷ ತೊಟ್ಟು, ಆಕೆ ಪ್ರಕಾಶಕನ ಮುಂದೆ ಕುಳಿತು ಮಾತಾಡಿ ಬಂದಳಂತೆ. ಗಂಡನಿಗೂ ತಿಳಿಸಿರಲಿಲ್ಲವೆನ್ನುತ್ತಾರೆ. 1845ರಲ್ಲಿ ಸತ್ತ ಮರುವರ್ಷ ಅವಳ ಹಾಡುಗಳ ಪುಸ್ತಕ ಅವಳದೇ ಹೆಸರಿನಲ್ಲಿ ಬಂತು. ದೇಶವೇ ಹಾಡುತ್ತಿದ್ದ ಹಾಡನ್ನು ತನ್ನದೆಂದು ಹೇಳಿಕೊಳ್ಳದೆ ಜೀವಮಾನವಿಡೀ ಕೇಳಿಸಿಕೊಂಡು ಕೂತವಳ ಎದೆಗಾರಿಕೆ ನನಗೆ ಊಹೆಗೂ ನಿಲುಕದು.

ಡಂಕೆಲ್ಡಿನಿಂದ ಉತ್ತರಕ್ಕೆ ಬ್ಲೇರ್ ಕೋಟೆ, ಅಥಾಲ್ ಡ್ಯೂಕರ ಅರಮನೆ. ಜಿಂಕೆಯ ಕೊಂಬುಗಳು ಸಾಲುಸಾಲಾಗಿ ನೇತಾಡುವ ನೃತ್ಯಶಾಲೆಯಲ್ಲಿ ನೀಲ್ ಗೌನ ಪಿಟೀಲನ್ನು ಇಟ್ಟಿದ್ದಾರೆ. ಡ್ಯೂಕ್ ಅವನಿಗೆ ಕೊಡುತ್ತಿದ್ದದ್ದು ವರ್ಷಕ್ಕೆ ಐದು ಪೌಂಡು. ಪಿಟೀಲಿನ ಮುಂದೆ ನಿಂತಾಗ ನೆನಪಿಗೆ ಬಂದದ್ದು ತಂಜಾವೂರು ಸೀಮೆಯ ಬಾಲುಸ್ವಾಮಿ ದೀಕ್ಷಿತರು. ನೀಲ್‌ನ ಇಳಿಗಾಲದಲ್ಲಿ ಹುಟ್ಟಿ, ಯುರೋಪಿನ ವಾದಕನಿಂದ ಕಲಿತು, ಇದೇ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರು. ಅವರ ಅಣ್ಣ ಮುತ್ತುಸ್ವಾಮಿ ದೀಕ್ಷಿತರು ಬ್ರಿಟಿಷ್ ಬ್ಯಾಂಡುಗಳಿಂದ ಕಿವಿಗೆ ಬಿದ್ದ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದ ನೊಟ್ಟುಸ್ವರಗಳಲ್ಲಿ ಐರಿಷ್, ಸ್ಕಾಟಿಷ್ ಧಾಟಿಗಳೂ ಸೇರಿವೆ; ಅವೂ ಶಂಕರಾಭರಣದ ಸ್ವರಗಳಲ್ಲೇ. ಸ್ಕಾಟ್ಲೆಂಡಿನ ಮದುವೆಮನೆಯಲ್ಲಿ ಕಾಲು ಕುಣಿಸಿದ ನಡೆ ದಕ್ಷಿಣ ಭಾರತದಲ್ಲಿ ದೇವಸ್ತುತಿಯಾದದ್ದನ್ನು ನೆನೆದರೆ ಮೈ ನವಿರೇಳುತ್ತದೆ.

ಸಂಜೆಗೆ ಡಂಕೆಲ್ಡಿಗೆ ಮರಳಿದೆ. ಈ ಊರಲ್ಲಿ ಹಾಡು ನಿಂತಿಲ್ಲ. 'ಕ್ಯಾಲೆಡೋನಿಯಾ' ಹಾಡು ಬರೆದ ಡೂಗಿ ಮೆಕ್ಲೀನ್ ಪಕ್ಕದ ಬಟರ್‌ಸ್ಟೋನಿನವರು. ಡಂಡೀಯ ಮೈಕಲ್ ಮಾರಾ ನೀಲ್ ಗೌನ ಶಿಷ್ಯನೊಬ್ಬನನ್ನು ಕಲ್ಪಿಸಿ ಹಾಡು ಕಟ್ಟಿದರು. ಮಾರ್ಚ್ ತಿಂಗಳಲ್ಲಿ ನೀಲ್ ಹೆಸರಿನ ಪಿಟೀಲು ಹಬ್ಬ ನಡೆಯುತ್ತದೆ. ನದಿಗೆ ಮುಖಮಾಡಿದ ಪಬ್ಬಿನ ಮೂಲೆಯಲ್ಲಿ ನಾಲ್ಕೈದು ಪಿಟೀಲು, ಒಂದು ಅಕಾರ್ಡಿಯನ್, ಒಂದು ಗಿಟಾರ್ ಸುತ್ತುಗೂಡಿದ್ದವು. ಕಾಗದ ಯಾರ ಮುಂದೆಯೂ ಇರಲಿಲ್ಲ. ನರೆತ ಗಡ್ಡದವರೊಬ್ಬರು ಯಾರನ್ನೂ ಕೇಳದೆ ನೀಲ್ ತನ್ನ ಹೆಂಡತಿಗಾಗಿ ಕಟ್ಟಿದ ಆ ಶೋಕಗೀತವನ್ನು ಎತ್ತಿಕೊಂಡರು. ಅವರ ಕಿರುಬೆರಳು ತಂತಿಯ ಮೇಲೆ ಚಾಚಿಕೊಂಡು ತಾರಸ್ಥಾಯಿಯ ಸ್ವರವನ್ನು ಮುಟ್ಟುವಾಗ ಬೀರಿನ ಲೋಟಗಳೂ ಸದ್ದು ಮಾಡಲಿಲ್ಲ. ಎರಡು ಆವೃತ್ತಿ ಮುಗಿಯಿತು. ಕೊನೆಯ ಸ್ವರ ಆರುವ ಮೊದಲೇ ಎದುರಿನ ಹುಡುಗಿ ಕಮಾನನ್ನು ಮೇಲ್ಮುಖವಾಗಿ ಚಿಮ್ಮಿಸಿ ಸ್ಟ್ರಾತ್‌ಸ್ಪೇ ಹಿಡಿದಳು. ನಿಧಾನದ ಧಾಟಿಯ ಬೆನ್ನಿಗೆ ಸ್ಟ್ರಾತ್‌ಸ್ಪೇ, ಅದರ ಬೆನ್ನಿಗೆ ರೀಲ್ ಎಂಬ ಚುರುಕು ಕುಣಿತದ ಧಾಟಿ, ಹೀಗೆ ನುಡಿಸುವುದು ಅಲ್ಲಿನ ಪದ್ಧತಿ. ರೀಲ್ ಶುರುವಾದಾಗ ಮರದ ನೆಲ ಅದುರತೊಡಗಿತು, ಬಾಗಿಲ ಬಳಿ ಇಬ್ಬರು ಮುದುಕಿಯರು ಕೈಕೈ ಹಿಡಿದು ಕುಣಿಯಲು ಜಾಗ ಮಾಡಿಕೊಂಡರು, ಇದು ನೀಲ್‌ನದೋ ಅವನ ಮಗನದೋ ಎಂದು ಪಕ್ಕದವರಲ್ಲಿ ವಾದ ಹತ್ತಿಕೊಂಡಿತು.